ಅಂಗ ಕಸಿಯಾದವರಿಗೆ ಬೂಷ್ಟು ರೋಗ: ತಿಳಿವಳಿಕೆ ಮತ್ತು ಚಿಕಿತ್ಸೆ



ಮಳೆಗಾಲದಲ್ಲಿ ಉಪ್ಪಿನಕಾಯಿ ಭರಣಿಯ ಬಾಯಿ ಸರಿಯಾಗಿ ಕಟ್ಟದಿದ್ದರೆ ಮೇಲೆ ಬಿಳಿಯ ಪದರ ಕಟ್ಟುತ್ತದೆ. ಒದ್ದೆಯಾದ ಶೇಂಗಾ ಚೀಲದಲ್ಲಿ ಹಸಿರು ಪುಡಿ ಕಾಣಿಸುತ್ತದೆ. ಇದಕ್ಕೆ ನಾವು ಬೂಷ್ಟು ಎನ್ನುತ್ತೇವೆ, ಕೆಲವು ಕಡೆ ಬೂಸರು, ಕೆಲವು ಕಡೆ ಬೂಜು. ಕಾಸರಗೋಡಿನ ಕೇಳುಗರು ಮಲಯಾಳದಲ್ಲಿ ಮಾತಾಡುವಾಗ ಇದನ್ನೇ ‘ಪೂಪ್ಪಲ್’ ಎನ್ನುತ್ತಾರೆ. ತಾಳವಾಡಿ, ಹೊಸೂರಿನವರು ತಮಿಳಿನಲ್ಲಿ ‘ಪೂಂಜೈ’ ಎನ್ನುತ್ತಾರೆ. ಅಕ್ಕಲಕೋಟೆ, ಜತ್ತದವರಿಗೆ ಮರಾಠಿಯ ‘ಬುರಶಿ’ ಗೊತ್ತು. ಆದವಾನಿ, ರಾಯದುರ್ಗ, ಮಡಕಶಿರಾದ ಕಡೆ ತೆಲುಗಿನಲ್ಲಿಯೂ ಅದು ‘ಬೂಜು’. ಶಾಲೆಯ ಪುಸ್ತಕದಲ್ಲಿ ಅದು ಶಿಲೀಂಧ್ರ. ವೈದ್ಯರ ಬಾಯಲ್ಲಿ ಫಂಗಸ್.

ಇಷ್ಟು ಹೆಸರುಗಳನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಗಡಿಯ ಹಳ್ಳಿಯವರು ಚಿಕಿತ್ಸೆಗೆಂದು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುತ್ತಾರೆ. ಆಸ್ಪತ್ರೆಯ ದಾದಿ ಒಂದು ಭಾಷೆಯಲ್ಲಿ ಹೇಳುತ್ತಾರೆ, ಔಷಧ ಅಂಗಡಿಯವರು ಇನ್ನೊಂದರಲ್ಲಿ, ಚೀಟಿ ಇಂಗ್ಲಿಷಿನಲ್ಲಿ. ಎಲ್ಲರೂ ಹೇಳುತ್ತಿರುವುದು ಒಂದೇ ವಸ್ತುವಿನ ಬಗ್ಗೆ ಎಂಬುದು ತಿಳಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಈ ದಿನದ ವಿಷಯ ಮೂತ್ರಪಿಂಡ, ಯಕೃತ್ತು, ಹೃದಯ ಮುಂತಾದ ಅಂಗಗಳನ್ನು ಕಸಿ ಮಾಡಿಸಿಕೊಂಡವರಿಗೆ ಈ ಬೂಷ್ಟಿನಿಂದ ಬರುವ ಕಠಿಣ ರೋಗಗಳು, ಮತ್ತು ಅವುಗಳ ಚಿಕಿತ್ಸೆ. ನಿಮ್ಮ ಊರಿನಲ್ಲಿ ಕಸಿಯಾದವರು ಒಬ್ಬರೇ ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಇದ್ದರೆ, ಅವರ ಮನೆಯವರು, ನೆರೆಯವರು, ಊರಿನ ವೈದ್ಯರು, ಔಷಧ ಅಂಗಡಿಯವರು ಎಲ್ಲರೂ ಈ ಮಾತನ್ನು ತಿಳಿದಿರಬೇಕು.

ಮೊದಲು ಕಸಿ ಎಂಬ ಮಾತನ್ನೇ ನೋಡೋಣ. ಮಾವಿನ ಗಿಡಕ್ಕೆ ಕಸಿ ಕಟ್ಟುವುದು ನಿಮಗೆ ಗೊತ್ತು. ನಾಟಿ ಮಾವಿನ ಸಸಿಗೆ ಒಳ್ಳೆಯ ಜಾತಿಯ ಕುಡಿಯನ್ನು ಕಟ್ಟಿದರೆ ಎರಡೂ ಕೂಡಿಕೊಂಡು ಬೆಳೆಯುತ್ತವೆ. ಗಿಡ ಅಷ್ಟಾಗಿ ತಕರಾರು ಮಾಡುವುದಿಲ್ಲ. ಮನುಷ್ಯನ ದೇಹ ಹಾಗಲ್ಲ. ಕರು ಸತ್ತ ಹಸುವಿನ ಹತ್ತಿರ ಬೇರೆ ಕರುವನ್ನು ಬಿಟ್ಟು ನೋಡಿ. ಮೂಸಿ ನೋಡಿ ಒದೆಯುತ್ತದೆ. ನಮ್ಮ ರಕ್ತದಲ್ಲಿರುವ ರಕ್ಷಕ ಕಣಗಳೂ ಹೀಗೆಯೇ. ಹೊರಗಿನದು ಯಾವುದೇ ಇರಲಿ, ರೋಗಾಣುವಾಗಲಿ, ಜೀವ ಉಳಿಸಲು ಬಂದ ಇನ್ನೊಬ್ಬರ ಮೂತ್ರಪಿಂಡವಾಗಲಿ, ನಮ್ಮದಲ್ಲ ಎಂದು ತಿಳಿದ ಕೂಡಲೇ ಮೇಲೆ ಬೀಳುತ್ತವೆ. ಇದಕ್ಕೆ ವೈದ್ಯರು ತಿರಸ್ಕಾರ ಎನ್ನುತ್ತಾರೆ.

1954ರ ಡಿಸೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರಿ ಮತ್ತು ಅವರ ಸಂಗಡಿಗರು ಮೊದಲ ಯಶಸ್ವಿ ಮೂತ್ರಪಿಂಡ ಕಸಿ ಮಾಡಿದರು. ಅದು ಯಶಸ್ವಿಯಾದದ್ದು ಹೇಗೆ ಗೊತ್ತೇ? ಕೊಟ್ಟವರೂ ಪಡೆದವರೂ ಒಂದೇ ರೂಪದ ಅವಳಿ ಸೋದರರು. ಹಾಗಾಗಿ ದೇಹಕ್ಕೆ ಅದು ಪರಕೀಯ ಎನಿಸಲಿಲ್ಲ. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೂತ್ರಪಿಂಡ ಕಸಿ ಯಶಸ್ವಿಯಾಯಿತು. 1994ರಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯಲ್ಲಿ ಡಾ. ವೇಣುಗೋಪಾಲ್ ಅವರು ಹೃದಯ ಕಸಿ ಮಾಡಿದರು. ಅದೇ ವರ್ಷ ಮಾನವ ಅಂಗಗಳ ಕಸಿ ಕಾಯಿದೆಯೂ ಬಂತು.

ಎಲ್ಲರಿಗೂ ಅವಳಿ ಸೋದರರಿರುವುದಿಲ್ಲವಲ್ಲ! ಆದ್ದರಿಂದ ದೇಹದ ಕಾವಲನ್ನು ಸ್ವಲ್ಪ ಮಂಕು ಮಾಡುವ ಔಷಧ ಬೇಕಾಯಿತು. ಇಲ್ಲಿ ಒಂದು ಸ್ವಾರಸ್ಯವಿದೆ. 1969ರಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಎಂಬ ಔಷಧ ಕಂಪನಿಯ ನೌಕರರೊಬ್ಬರು ನಾರ್ವೆ ದೇಶದ ಎತ್ತರದ ಬಯಲಿನಿಂದ ಒಂದು ಹಿಡಿ ಮಣ್ಣು ತಂದರು. ಆ ಮಣ್ಣಿನಲ್ಲಿದ್ದ ಒಂದು ಬೂಷ್ಟಿನಿಂದ ಸೈಕ್ಲೊಸ್ಪೊರಿನ್ ಎಂಬ ಔಷಧ ಸಿಕ್ಕಿತು. 1983ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ ಮೇಲೆ ಅಂಗ ಕಸಿಯ ಚರಿತ್ರೆಯೇ ಬದಲಾಯಿತು. ಈಗ ಹೆಚ್ಚಾಗಿ ಬಳಸುವುದು ಟ್ಯಾಕ್ರೊಲಿಮಸ್. ಅದು ಜಪಾನಿನ ಮಣ್ಣಿನ ಒಂದು ಸೂಕ್ಷ್ಮಾಣುವಿನಿಂದ ಬಂದದ್ದು. ಇದರ ಜೊತೆ ಮೈಕೊಫೆನೊಲೇಟ್, ಪ್ರೆಡ್ನಿಸೊಲೋನ್ ಎಂಬ ಗುಳಿಗೆಗಳು. ಕಸಿಯಾದವರು ಈ ಗುಳಿಗೆಗಳನ್ನು ಅಂಗ ಕೆಲಸ ಮಾಡುವಷ್ಟು ಕಾಲವೂ ನುಂಗುತ್ತಲೇ ಇರಬೇಕು. ಒಂದು ದಿನವೂ ತಪ್ಪಿಸಬಾರದು.

ಊರಿನ ತಳವಾರನಿಗೆ ನಿದ್ದೆ ಬರಿಸಿದರೆ ಏನಾಗುತ್ತದೆ? ನೆಂಟರು ಬರಲು ಅನುಕೂಲವಾಗುತ್ತದೆ, ಕಳ್ಳರಿಗೂ ಅನುಕೂಲವಾಗುತ್ತದೆ. ಬೂಷ್ಟು ಅಂಥ ಕಳ್ಳರಲ್ಲಿ ಒಂದು.

ನಾವು ಉಸಿರಾಡುವ ಗಾಳಿಯಲ್ಲಿ ಬೂಷ್ಟಿನ ಬೀಜಕಣಗಳು ಸದಾ ಇರುತ್ತವೆ. ಕಣ್ಣಿಗೆ ಕಾಣದಷ್ಟು ಚಿಕ್ಕವು. ದಿನವೂ ನೂರಾರು ಕಣಗಳು ಒಳಗೆ ಹೋಗುತ್ತವೆ. ಆರೋಗ್ಯವಂತರ ಶ್ವಾಸಕೋಶದಲ್ಲಿರುವ ರಕ್ಷಕ ಕಣಗಳು ಅವನ್ನು ತಿಂದು ಮುಗಿಸುತ್ತವೆ. ನಮ್ಮ ಮೈಯ ಬಿಸಿಯೂ ಹೆಚ್ಚಿನ ಬೂಷ್ಟುಗಳಿಗೆ ಸಹಿಸದು. ಆದ್ದರಿಂದ ನಮಗೆ ಬರುವ ಬೂಷ್ಟು ರೋಗವೆಂದರೆ ಗಜಕರ್ಣ, ಕಾಲ್ಬೆರಳ ಸಂದಿನ ತುರಿಕೆ, ಇಷ್ಟೇ. ಕಾವಲು ಮಂಕಾದವರಲ್ಲಿ ಮಾತ್ರ ಅದು ಚರ್ಮ ದಾಟಿ ಶ್ವಾಸಕೋಶ, ರಕ್ತ, ಮಿದುಳು ಮುಟ್ಟುತ್ತದೆ.

ಇದು ಎಷ್ಟು ಜನರಿಗೆ ಬರುತ್ತದೆ ಎಂದು ನೀವು ಕೇಳಬಹುದು. ಅಮೆರಿಕದ 23 ಕಸಿ ಕೇಂದ್ರಗಳಲ್ಲಿ 2001ರಿಂದ 2006ರವರೆಗೆ ಲೆಕ್ಕ ಇಟ್ಟರು. ಕಸಿಯಾದ ಮೊದಲ ವರ್ಷದಲ್ಲಿ ಮೂತ್ರಪಿಂಡ ಪಡೆದವರಲ್ಲಿ ನೂರಕ್ಕೆ 1.3, ಹೃದಯ ಪಡೆದವರಲ್ಲಿ 4, ಯಕೃತ್ತು ಪಡೆದವರಲ್ಲಿ 4.7, ಶ್ವಾಸಕೋಶ ಪಡೆದವರಲ್ಲಿ 8.6 ಮಂದಿಗೆ ಕಠಿಣ ಬೂಷ್ಟು ರೋಗ ಬಂದಿತ್ತು. ಅಂದರೆ ಹೆಚ್ಚಿನವರಿಗೆ ಬರುವುದಿಲ್ಲ. ಆದ್ದರಿಂದ ಹೆದರಬೇಕಾಗಿಲ್ಲ. ಆದರೆ ಬಂದರೆ ಅದು ಜೀವಕ್ಕೇ ಅಪಾಯ. ಆದ್ದರಿಂದ ಉದಾಸೀನ ಮಾಡುವಂತೆಯೂ ಇಲ್ಲ.

ಈಗ ಈ ಬೂಷ್ಟುಗಳಲ್ಲಿ ಮುಖ್ಯವಾದ ನಾಲ್ಕನ್ನು ಗುರುತು ಮಾಡಿಕೊಳ್ಳೋಣ.

ಮೊದಲನೆಯದು ಕ್ಯಾಂಡಿಡಾ. ಇದು ಹೊರಗಿನಿಂದ ಬರಬೇಕಾಗಿಲ್ಲ, ನಮ್ಮ ಬಾಯಿಯಲ್ಲಿ, ಕರುಳಿನಲ್ಲಿ ಮೊದಲೇ ಇರುತ್ತದೆ. ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ, ಮೊದಲ ತಿಂಗಳಿನಲ್ಲಿ, ರಕ್ತನಾಳಕ್ಕೆ ಹಾಕಿದ ಕೊಳವೆಯ ಮೂಲಕವೋ ಹೊಟ್ಟೆಯ ಗಾಯದ ಮೂಲಕವೋ ರಕ್ತಕ್ಕೆ ಸೇರುತ್ತದೆ. ಅಮೆರಿಕದ ಆ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಗಳು ಇದರಿಂದಲೇ ಬಂದವು.

ಎರಡನೆಯದು ಆಸ್ಪರ್ಜಿಲಸ್. ಹಳೆಯ ಹುಲ್ಲಿನ ಬಣವೆ, ತಿಪ್ಪೆ, ಮುಗ್ಗಿದ ಕಾಳು, ಕೆಡವಿದ ಗೋಡೆಯ ಧೂಳು, ಇವೆಲ್ಲ ಇದರ ಮನೆ. ಉಸಿರಿನ ಮೂಲಕ ಶ್ವಾಸಕೋಶಕ್ಕೆ ಹೋಗಿ ಅಲ್ಲಿ ಬೇರುಬಿಟ್ಟು ರಕ್ತನಾಳವನ್ನು ಕೊರೆಯುತ್ತದೆ. ಒಣಕೆಮ್ಮು, ಎದೆಯಲ್ಲಿ ಚುಚ್ಚಿದ ಹಾಗೆ ನೋವು, ಕಫದಲ್ಲಿ ರಕ್ತ, ಆಂಟಿಬಯಾಟಿಕ್ ಕೊಟ್ಟರೂ ಇಳಿಯದ ಜ್ವರ, ಇವು ಅದರ ಲಕ್ಷಣ.

ಮೂರನೆಯದು ಕ್ರಿಪ್ಟೊಕಾಕಸ್. ಪಾರಿವಾಳದ ಹಿಕ್ಕೆ ಒಣಗಿ ಪುಡಿಯಾದಲ್ಲಿ ಇದು ಇರುತ್ತದೆ. ಸಾಮಾನ್ಯವಾಗಿ ಕಸಿಯಾಗಿ ಆರು ತಿಂಗಳು, ವರ್ಷ ಕಳೆದ ಮೇಲೆ, ಎಲ್ಲ ಸರಿಹೋಯಿತು ಎಂದು ಮನೆಯವರು ಸಮಾಧಾನದಲ್ಲಿರುವಾಗ ಬರುತ್ತದೆ. ಮಿದುಳಿನ ಪೊರೆಗೆ ತಗಲುತ್ತದೆ. ವಾರಗಟ್ಟಲೆ ಬಿಡದ ತಲೆನೋವು, ವಾಂತಿ, ಮಂಕುತನ, ಕಣ್ಣು ಮಂಜಾಗುವುದು. ಜ್ವರ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಬಿಸಿಲಿಗೆ ಬಂದ ತಲೆನೋವೆಂದು ಗುಳಿಗೆ ನುಂಗುತ್ತ ಕೂತರೆ ಕಾಲ ಮಿಂಚುತ್ತದೆ.

ನಾಲ್ಕನೆಯದು ಮ್ಯೂಕರ್. 2021ರಲ್ಲಿ ಕೊರೊನಾದ ಎರಡನೆಯ ಅಲೆಯ ಹಿಂದೆಯೇ ‘ಕಪ್ಪು ಶಿಲೀಂಧ್ರ’ ಎಂದು ಹೆಸರು ಕೇಳಿದಿರಲ್ಲ, ಅದು ಇದೇ. ಆ ವರ್ಷ ಜುಲೈ ಹೊತ್ತಿಗೆ ನಮ್ಮ ದೇಶದಲ್ಲಿ 45,000ಕ್ಕೂ ಹೆಚ್ಚು ಜನರಿಗೆ ಬಂದದ್ದು ಲೆಕ್ಕಕ್ಕೆ ಸಿಕ್ಕಿತು. ಕೊರೊನಾಕ್ಕೆ ಕೊಟ್ಟ ಸ್ಟೀರಾಯ್ಡ್ ಮತ್ತು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಇವೆರಡೂ ಕೂಡಿ ಅದಕ್ಕೆ ದಾರಿ ಮಾಡಿದವು. ಕಸಿಯಾದವರಲ್ಲಿ ಈ ಎರಡೂ ಕಾರಣ ಮೊದಲೇ ಇರಬಹುದು. ಅವರು ಸ್ಟೀರಾಯ್ಡ್ ನುಂಗುತ್ತಾರೆ. ಟ್ಯಾಕ್ರೊಲಿಮಸ್ ಮತ್ತು ಸ್ಟೀರಾಯ್ಡ್ ಕಾರಣದಿಂದ ಮೊದಲು ಇಲ್ಲದವರಿಗೂ ಸಕ್ಕರೆ ಕಾಯಿಲೆ ಬರುವುದುಂಟು. ಕೊರೊನಾಕ್ಕೆ ಮೊದಲೇ ಚಂಡೀಗಢದ ಪಿ.ಜಿ.ಐ. ಸಂಸ್ಥೆಯ ಡಾ. ಅರುಣಾಲೋಕ ಚಕ್ರವರ್ತಿ ಮತ್ತು ಸಂಗಡಿಗರು ನಮ್ಮ ದೇಶದಲ್ಲಿ ಈ ರೋಗ ಮುಂದುವರಿದ ದೇಶಗಳಿಗಿಂತ ಸುಮಾರು 80 ಪಟ್ಟು ಹೆಚ್ಚು ಎಂದು ಅಂದಾಜು ಮಾಡಿದ್ದರು. ಮುಖದ ಒಂದು ಬದಿ ಊದುವುದು, ಮೂಗು ಕಟ್ಟಿ ಕಪ್ಪು ಅಥವಾ ರಕ್ತಮಿಶ್ರಿತ ಸ್ರಾವ, ಹಲ್ಲು ಅಲುಗುವುದು, ಅಂಗುಳಿನಲ್ಲಿ ಕಪ್ಪು ಕಲೆ, ಒಂದು ವಸ್ತು ಎರಡಾಗಿ ಕಾಣುವುದು, ಇವುಗಳಲ್ಲಿ ಯಾವುದು ಕಂಡರೂ ನಾಳೆಗೆ ಬಿಡಬೇಡಿ. ಈ ಬೂಷ್ಟು ಗಂಟೆಗಳ ಲೆಕ್ಕದಲ್ಲಿ ಮುಂದುವರಿಯುತ್ತದೆ.

ಇವಲ್ಲದೆ ನ್ಯೂಮೊಸಿಸ್ಟಿಸ್ ಎಂಬ ಇನ್ನೊಂದಿದೆ. ಶ್ವಾಸಕೋಶ ತುಂಬಿಕೊಂಡು ಏದುಸಿರು ತರಿಸುತ್ತದೆ. ಅದನ್ನು ತಡೆಯಲೆಂದೇ ಕಸಿಯಾದ ಮೇಲೆ ಆರು ತಿಂಗಳಿನಿಂದ ವರ್ಷದವರೆಗೆ ಕೋಟ್ರೈಮಾಕ್ಸಜೋಲ್ ಗುಳಿಗೆ ಕೊಡುತ್ತಾರೆ. ಕಾಯಿಲೆ ಏನೂ ಇಲ್ಲವಲ್ಲ ಎಂದು ಅದನ್ನು ನಿಲ್ಲಿಸಬೇಡಿ. ಕಾಯಿಲೆ ಇಲ್ಲದಿರುವುದು ಆ ಗುಳಿಗೆಯಿಂದಲೇ.

ರೈತರಿಗೆ ಇನ್ನೊಂದು ಮಾತು. ಬರಿಗಾಲಿಗೆ ಜಾಲಿಮುಳ್ಳು ಚುಚ್ಚಿದರೆ ಮುಳ್ಳಿನ ಜೊತೆ ಮಣ್ಣಿನ ಬೂಷ್ಟೂ ಒಳಗೆ ಹೋಗುತ್ತದೆ. ಕಸಿಯಾದವರಲ್ಲಿ ತಿಂಗಳುಗಳ ನಂತರ ಅಲ್ಲಿ ನೋವಿಲ್ಲದ ಗಂಟು ಏಳಬಹುದು. ಅದನ್ನು ಮನೆಯಲ್ಲಿ ಕೊಯ್ಯಬಾರದು, ಸೊಪ್ಪಿನ ರಸ ಹಚ್ಚಿ ಕಾಯಬಾರದು. ವೈದ್ಯರಿಗೆ ತೋರಿಸಿ, ತುಣುಕು ತೆಗೆಸಿ ಪರೀಕ್ಷೆ ಮಾಡಿಸಬೇಕು.

ಕಸಿಯಾದವರಲ್ಲಿ ಜ್ವರವೇ ಒಂದು ಮೋಸಗಾರ. ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಒಳಗೆ ದೊಡ್ಡ ಸೋಂಕಿದ್ದರೂ ಮೈ ಸ್ವಲ್ಪವೇ ಬೆಚ್ಚಗಾಗಬಹುದು. ಆದ್ದರಿಂದ ನಮ್ಮ ನಿಮ್ಮಂಥವರಿಗೆ ಸಣ್ಣದೆನಿಸುವ ಜ್ವರ ಅವರಿಗೆ ಸಣ್ಣದಲ್ಲ.

ಈಗ ಚಿಕಿತ್ಸೆಗೆ ಬರೋಣ. ಇದರಲ್ಲಿ ನಾಲ್ಕು ಕೆಲಸಗಳಿವೆ: ಬೂಷ್ಟು ಯಾವುದೆಂದು ಗುರುತಿಸುವುದು, ಅದಕ್ಕೆ ತಕ್ಕ ಔಷಧ ಕೊಡುವುದು, ಕೊಳೆತ ಭಾಗ ತೆಗೆಯುವುದು, ಕಾವಲನ್ನು ತಕ್ಕಮಟ್ಟಿಗೆ ಎಚ್ಚರಿಸುವುದು.

ಗುರುತಿಸಲು ಬರಿಯ ರಕ್ತಪರೀಕ್ಷೆ ಸಾಲದು. ಎದೆಯ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ, ಶ್ವಾಸನಾಳಕ್ಕೆ ಕೊಳವೆ ಇಳಿಸಿ ನೀರು ಹಾಕಿ ತೊಳೆದು ಆ ನೀರನ್ನು ಪರೀಕ್ಷಿಸುತ್ತಾರೆ, ಮೂಗಿನ ಒಳಗಿನಿಂದ ಚೂರು ತೆಗೆಯುತ್ತಾರೆ, ಬೆನ್ನುಹುರಿಯ ಹತ್ತಿರದಿಂದ ನೀರು ತೆಗೆಯುತ್ತಾರೆ. ‘ಬೆನ್ನಿನ ನೀರು ತೆಗೆದರೆ ಕಾಲು ಸ್ವಾಧೀನ ತಪ್ಪುತ್ತದೆ’ ಎಂದು ಹಳ್ಳಿಗಳಲ್ಲಿ ಒಂದು ಹೆದರಿಕೆ ಇದೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಮೇಲಿನ ಜಾಗದಲ್ಲಿ. ಆದ್ದರಿಂದ ಆ ಹೆದರಿಕೆಗೆ ಕಾರಣವಿಲ್ಲ. ಕ್ರಿಪ್ಟೊಕಾಕಸ್ ರೋಗದಲ್ಲಂತೂ ಈ ನೀರು ತೆಗೆಯುವುದು ಪರೀಕ್ಷೆಯೂ ಹೌದು, ಚಿಕಿತ್ಸೆಯೂ ಹೌದು. ತಲೆಯೊಳಗಿನ ಒತ್ತಡ ಇಳಿದು ತಲೆನೋವು ತಗ್ಗುತ್ತದೆ, ಕಣ್ಣು ಉಳಿಯುತ್ತದೆ. ಮತ್ತೆ ಮತ್ತೆ ತೆಗೆಯಬೇಕಾಗಿ ಬಂದರೆ ಬೇಡವೆನ್ನಬೇಡಿ.

ಔಷಧದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಬಗೆಬಗೆಯ ಔಷಧಗಳಿವೆ. ಬೂಷ್ಟಿಗೆ ಯಾಕೆ ಇಷ್ಟು ಕಡಿಮೆ? ಬ್ಯಾಕ್ಟೀರಿಯಾ ನಮ್ಮಿಂದ ಬಹಳ ದೂರದ ಜೀವಿ. ಬೂಷ್ಟಿನ ಜೀವಕೋಶವಾದರೋ ಒಳಗಿನ ಕಟ್ಟಡದಲ್ಲಿ ನಮ್ಮ ಜೀವಕೋಶವನ್ನೇ ಹೋಲುತ್ತದೆ. ಅದಕ್ಕೆ ವಿಷವಾದದ್ದು ನಮಗೂ ತಾಕುತ್ತದೆ. ಬೆಳೆಯ ಜೊತೆಗೇ ಹುಟ್ಟಿ ಬೆಳೆಯಂತೆಯೇ ಕಾಣುವ ಕಳೆಯನ್ನು ಕೀಳುವ ಕಷ್ಟ ನಿಮಗೆ ಗೊತ್ತಲ್ಲ, ಹಾಗೆ. ವ್ಯತ್ಯಾಸವಿರುವುದು ಮುಖ್ಯವಾಗಿ ಎರಡು ಕಡೆ. ಬೂಷ್ಟಿನ ಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಜಿಡ್ಡಿದೆ, ನಮ್ಮದರಲ್ಲಿ ಕೊಲೆಸ್ಟೆರಾಲ್ ಇದೆ. ಬೂಷ್ಟಿಗೆ ಹೊರಗೊಂದು ಗಟ್ಟಿ ಗೋಡೆಯಿದೆ, ನಮ್ಮ ಕೋಶಕ್ಕೆ ಇಲ್ಲ. ಇಂದಿನ ಮೂರು ಔಷಧ ಗುಂಪುಗಳೂ ಈ ಎರಡು ಜಾಗಗಳಿಗೇ ಗುರಿಯಿಡುತ್ತವೆ.

ಮೊದಲನೆಯ ಔಷಧ ಆಂಫೊಟೆರಿಸಿನ್ ಬಿ. 1950ರ ದಶಕದಲ್ಲಿ ವೆನೆಜುವೆಲಾ ದೇಶದ ಒರಿನೋಕೊ ನದಿಯ ಕಡೆಯ ಮಣ್ಣಿನಿಂದ ಸಿಕ್ಕಿದ್ದು. ಕಾವಲು ಮಂಕು ಮಾಡುವ ಔಷಧ ನಾರ್ವೆಯ ಮಣ್ಣಿನಿಂದ ಬಂದರೆ, ಕಳ್ಳನನ್ನು ಹೊಡೆಯುವ ಔಷಧವೂ ಮಣ್ಣಿನಿಂದಲೇ ಬಂತು! ಇದು ಬೂಷ್ಟಿನ ಪೊರೆಗೆ ತೂತು ಮಾಡುತ್ತದೆ. ಬಹಳ ಬಲವಾದ ಔಷಧ; ಮ್ಯೂಕರಿಗೆ ಇಂದಿಗೂ ಮೊದಲ ಔಷಧ. ಆದರೆ ರಕ್ತನಾಳಕ್ಕೆ ಹನಿಹನಿಯಾಗಿ ಬಿಡುವಾಗ ಚಳಿಜ್ವರ ನಡುಗಿಸುತ್ತದೆ. ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ. ಕಸಿ ಮಾಡಿದ ಮೂತ್ರಪಿಂಡ ಇರುವವರಿಗೆ ಇದು ಎಷ್ಟು ಇಕ್ಕಟ್ಟಿನ ಸಂಗತಿ ಎಂದು ನೀವೇ ಯೋಚಿಸಿ. ಇದನ್ನು ತಗ್ಗಿಸಲು ಔಷಧವನ್ನು ಸಣ್ಣ ಜಿಡ್ಡಿನ ಗುಳ್ಳೆಗಳಲ್ಲಿ ಅಡಗಿಸಿದ ಲೈಪೊಸೋಮಲ್ ಆಂಫೊಟೆರಿಸಿನ್ ಬಂದಿದೆ. ಅದು ಮೂತ್ರಪಿಂಡಕ್ಕೆ ಕಡಿಮೆ ಹಾನಿ ಮಾಡುತ್ತದೆ, ಆದರೆ ಬೆಲೆ ಬಹಳ ಹೆಚ್ಚು. 2021ರಲ್ಲಿ ದೇಶದಾದ್ಯಂತ ಇದಕ್ಕೆ ಅಭಾವವೂ ಬಂದಿತ್ತು.

ಎರಡನೆಯದು ಅಜೋಲ್ ಗುಂಪು. ಬೂಷ್ಟು ತನ್ನ ಪೊರೆಯ ಜಿಡ್ಡನ್ನು ತಯಾರಿಸದಂತೆ ಇವು ತಡೆಯುತ್ತವೆ. ಫ್ಲುಕೊನಜೋಲ್, ಇಟ್ರಾಕೊನಜೋಲ್, ವೊರಿಕೊನಜೋಲ್, ಪೊಸಕೊನಜೋಲ್, ಇಸವುಕೊನಜೋಲ್ ಇದೇ ಮನೆತನದವು; ಹೆಸರಿನ ಕೊನೆಯಲ್ಲಿ ‘ನಜೋಲ್’ ಇರುತ್ತದೆ, ನೆನಪಿಡಿ. 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಆಸ್ಪರ್ಜಿಲಸ್ ರೋಗಿಗಳಲ್ಲಿ ವೊರಿಕೊನಜೋಲ್ ಪಡೆದವರ ಪೈಕಿ ಹನ್ನೆರಡು ವಾರಗಳ ನಂತರ ನೂರಕ್ಕೆ ಸುಮಾರು 71 ಮಂದಿ ಬದುಕಿದ್ದರು. ಹಳೆಯ ಆಂಫೊಟೆರಿಸಿನ್ ಪಡೆದವರ ಪೈಕಿ ಸುಮಾರು 58. ಅಂದಿನಿಂದ ಆಸ್ಪರ್ಜಿಲಸ್ಸಿಗೆ ಇದು ಮುಖ್ಯ ಔಷಧವಾಯಿತು. ಆದರೆ ಇದು ಮ್ಯೂಕರಿಗೆ ನಾಟುವುದಿಲ್ಲ. ಬೂಷ್ಟು ಯಾವುದೆಂದು ಗುರುತಿಸದೆ ಔಷಧ ಕೊಡಬಾರದು ಎನ್ನುವುದು ಇದಕ್ಕೇ. ವೊರಿಕೊನಜೋಲ್ ತೆಗೆದುಕೊಳ್ಳುವವರಿಗೆ ಬಿಸಿಲು ಆಗದು, ಚರ್ಮ ಸುಟ್ಟಂತಾಗುತ್ತದೆ. ಹೊಲಕ್ಕೆ ಹೋಗುವವರು ತುಂಬು ತೋಳಿನ ಅಂಗಿ, ತಲೆಗೆ ವಸ್ತ್ರ ಮರೆಯಬಾರದು. ಸಾಧ್ಯವಾದರೆ ನಡುಹಗಲು ಹೊರಗೆ ಹೋಗಲೇಬಾರದು.

ಮೂರನೆಯದು ಕ್ಯಾಸ್ಪೊಫಂಗಿನ್ ಮುಂತಾದ ಗುಂಪು. ಇವು ಬೂಷ್ಟಿನ ಗೋಡೆ ಕಟ್ಟುವ ಕೆಲಸವನ್ನೇ ನಿಲ್ಲಿಸುತ್ತವೆ. ರಕ್ತಕ್ಕೆ ಸೇರಿದ ಕ್ಯಾಂಡಿಡಾಕ್ಕೆ ಒಳ್ಳೆಯವು. ಮೂತ್ರಪಿಂಡಕ್ಕೆ ತೊಂದರೆ ಇಲ್ಲ. ಗುಳಿಗೆಯಾಗಿ ಸಿಗುವುದಿಲ್ಲ, ಇಂಜೆಕ್ಷನ್ನೇ ಆಗಬೇಕು. ಕ್ಯಾಂಡಿಡಾ ರೋಗದಲ್ಲಿ ಹಳೆಯ ಕೊಳವೆಯನ್ನು ತೆಗೆಯುತ್ತಾರೆ, ಕಣ್ಣಿನ ಪರೀಕ್ಷೆ ಮಾಡಿಸುತ್ತಾರೆ, ರಕ್ತ ಶುದ್ಧವಾಯಿತು ಎಂದು ಗೊತ್ತಾದ ಮೇಲೆಯೂ ಎರಡು ವಾರ ಔಷಧ ಕೊಡುತ್ತಾರೆ.

ಕಾಲದ ಲೆಕ್ಕವನ್ನೂ ತಿಳಿದುಕೊಳ್ಳಿ. ಆಸ್ಪರ್ಜಿಲಸ್ಸಿಗೆ ಕಡಿಮೆಯೆಂದರೆ ಆರರಿಂದ ಹನ್ನೆರಡು ವಾರ. ಕ್ರಿಪ್ಟೊಕಾಕಸ್ ಮಿದುಳಿಗೆ ಹೋಗಿದ್ದರೆ ಮೊದಲ ಎರಡು ವಾರ ಆಂಫೊಟೆರಿಸಿನ್, ಜೊತೆಗೆ ಫ್ಲುಸೈಟೊಸಿನ್. ನಂತರ ಎಂಟು ವಾರ ಹೆಚ್ಚಿನ ಪ್ರಮಾಣದ ಫ್ಲುಕೊನಜೋಲ್. ಆ ಮೇಲೆ ಕಡಿಮೆ ಪ್ರಮಾಣದಲ್ಲಿ ಆರು ತಿಂಗಳಿಂದ ವರ್ಷ. ‘ಹುಷಾರಾದೆ’ ಎಂದು ನಡುವೆ ಬಿಟ್ಟರೆ ರೋಗ ಮರಳುತ್ತದೆ.

ಮೂರನೆಯ ಕೆಲಸ ಶಸ್ತ್ರಚಿಕಿತ್ಸೆ. ಮ್ಯೂಕರ್ ರಕ್ತನಾಳವನ್ನೇ ಮುಚ್ಚಿಬಿಡುತ್ತದೆ. ರಕ್ತ ಹರಿಯದ ಜಾಗಕ್ಕೆ ಔಷಧ ಹೇಗೆ ತಲುಪೀತು? ಕಾಲುವೆ ಮುಚ್ಚಿದ ಮೇಲೆ ಗದ್ದೆಗೆ ನೀರು ಬಿಟ್ಟಂತೆ. ಆದ್ದರಿಂದ ಸತ್ತ ಭಾಗವನ್ನು ಕತ್ತರಿಸಿ ತೆಗೆಯಬೇಕು. ಕೆಲವೊಮ್ಮೆ ಮೇಲ್ದವಡೆ, ಕೆಲವೊಮ್ಮೆ ಕಣ್ಣು ಕೂಡ. ಒಪ್ಪಿಗೆಯ ಸಹಿ ಕೇಳಿದಾಗ ಮನೆಯವರಿಗೆ ಕೈ ನಡುಗುವುದು ಸಹಜ. ಹಿರಿಯರೆಲ್ಲ ಊರಿನಿಂದ ಬರಲಿ, ಕೂಡಿ ಮಾತಾಡೋಣ ಎಂದು ಎರಡು ದಿನ ಕಳೆದರೆ ಬೂಷ್ಟು ಮಿದುಳಿನ ಕಡೆ ಹೆಜ್ಜೆ ಇಟ್ಟಿರುತ್ತದೆ. ನಿಮ್ಮ ಭಾಷೆಯಲ್ಲಿ ತಿಳಿಸಿ ಎಂದು ವೈದ್ಯರನ್ನು ಕೇಳಿ, ಅದು ನಿಮ್ಮ ಹಕ್ಕು. ತಿಳಿದ ಮೇಲೆ ಅಂದೇ ತೀರ್ಮಾನಿಸಿ.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮ. ಕಾವಲು ಮಂಕಾದದ್ದರಿಂದ ರೋಗ ಬಂತು. ಹಾಗಾದರೆ ಆ ಗುಳಿಗೆಗಳನ್ನು ನಿಲ್ಲಿಸಿಬಿಡಬಹುದಲ್ಲ? ನಿಲ್ಲಿಸಿದರೆ ಎರಡು ಅಪಾಯ. ಒಂದು, ಕಸಿಯಾದ ಅಂಗವನ್ನು ದೇಹ ತಿರಸ್ಕರಿಸುತ್ತದೆ. ಎರಡು, ದಿಢೀರನೆ ಎಚ್ಚೆತ್ತ ರಕ್ಷಕ ಕಣಗಳು ಬೂಷ್ಟಿರುವ ಜಾಗದಲ್ಲಿ ಊತ ಎಬ್ಬಿಸಿ ರೋಗಿಯನ್ನು ಇನ್ನೂ ಕೆಡಿಸುತ್ತವೆ. ಆದ್ದರಿಂದ ಒಂದೊಂದಾಗಿ, ಮೆಲ್ಲಮೆಲ್ಲನೆ ಇಳಿಸುತ್ತಾರೆ. ಇದು ಕಸಿ ವೈದ್ಯರು ಮಾತ್ರ ಮಾಡುವ ಕೆಲಸ. ಮೂತ್ರಪಿಂಡದ ವಿಷಯದಲ್ಲಿ ಒಂದು ಹಿಂದಾರಿಯಿದೆ. ಜೀವಕ್ಕೇ ಬಂದರೆ ಗುಳಿಗೆಗಳನ್ನು ಪೂರ್ತಿ ನಿಲ್ಲಿಸಿ, ಅಂಗ ಹೋದರೂ ಹೋಗಲಿ ಎಂದು ರೋಗಿಯನ್ನು ಡಯಾಲಿಸಿಸ್ ಮೇಲೆ ಉಳಿಸಿಕೊಳ್ಳಬಹುದು. ಹೆಂಡತಿ ಕೊಟ್ಟದ್ದು, ತಾಯಿ ಕೊಟ್ಟದ್ದು ಹೀಗೆ ಹೋಯಿತಲ್ಲ ಎಂದು ಕೆಲವರು ಈ ಮಾತಿಗೆ ಒಪ್ಪುವುದಿಲ್ಲ. ಅವರ ಸಂಕಟ ದೊಡ್ಡದೇ. ಆದರೆ ಅವರು ಕೊಟ್ಟದ್ದು ನೀವು ಬದುಕಲೆಂದು. ಹೃದಯ, ಯಕೃತ್ತು ಪಡೆದವರಿಗೆ ಈ ಹಿಂದಾರಿಯೂ ಇಲ್ಲ. ಅಲ್ಲಿ ವೈದ್ಯರು ಹಗ್ಗದ ಮೇಲೆ ನಡೆಯಬೇಕಾಗುತ್ತದೆ.

ಕೇಳುಗರೇ, ಗಡಿಯ ಹಳ್ಳಿಗಳಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಈಗ ಹೇಳುತ್ತೇನೆ. ಅದು ಔಷಧಗಳ ನಡುವಿನ ಜಗಳ.

ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್ ಇವುಗಳನ್ನು ಕರಗಿಸಿ ಹೊರಹಾಕುವುದು ಯಕೃತ್ತಿನ ಒಂದು ಕಿಣ್ವ. ‘ನಜೋಲ್’ ಗುಂಪಿನ ಗುಳಿಗೆಗಳು ಆ ಕಿಣ್ವದ ಕೈ ಕಟ್ಟುತ್ತವೆ. ಆಗ ಟ್ಯಾಕ್ರೊಲಿಮಸ್ ಕರಗದೆ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಕೈ ನಡುಕ, ತಲೆನೋವು, ಮತ್ತು ಮೂತ್ರಪಿಂಡಕ್ಕೇ ಹಾನಿ. ಕಸಿ ವೈದ್ಯರು ವೊರಿಕೊನಜೋಲ್ ಶುರುಮಾಡುವಾಗ ಟ್ಯಾಕ್ರೊಲಿಮಸ್ಸನ್ನು ಮೂರನೆಯ ಒಂದು ಭಾಗಕ್ಕೆ ಇಳಿಸುತ್ತಾರೆ, ರಕ್ತದಲ್ಲಿ ಅದರ ಪ್ರಮಾಣವನ್ನು ಮತ್ತೆ ಮತ್ತೆ ನೋಡುತ್ತಾರೆ. ಅದು ಮುಗಿದಾಗ ಮತ್ತೆ ಏರಿಸುತ್ತಾರೆ, ಏರಿಸದಿದ್ದರೆ ತಿರಸ್ಕಾರ.

ಈಗ ಯೋಚಿಸಿ. ಕಸಿಯಾದವರು ಊರಿಗೆ ಬಂದಿದ್ದಾರೆ. ತೊಡೆಸಂದಿನಲ್ಲಿ ಗಜಕರ್ಣ. ಪೇಟೆಯ ಅಂಗಡಿಯಲ್ಲಿ ತುರಿಕೆಗೆ ಗುಳಿಗೆ ಕೊಡಿ ಎಂದರೆ ಫ್ಲುಕೊನಜೋಲೋ ಇಟ್ರಾಕೊನಜೋಲೋ ಕೊಡುತ್ತಾರೆ. ಕೊಟ್ಟವರದು ದುರುದ್ದೇಶವಲ್ಲ, ಬೇರೆಯವರಿಗೆ ಅದೇ ಔಷಧ. ಆದರೆ ಈ ಒಬ್ಬರಿಗೆ ಅದು ಮೂತ್ರಪಿಂಡವನ್ನೇ ಕೆಡಿಸಬಹುದು. ಕೆಮ್ಮಿಗೆ ಕೊಡುವ ಎರಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್ ಕೂಡ ಇದೇ ಕೆಲಸ ಮಾಡುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ: ಟ್ಯಾಕ್ರೊಲಿಮಸ್ಸನ್ನು ಬೇಗ ಕರಗಿಸಿ ತಿರಸ್ಕಾರಕ್ಕೆ ದಾರಿ ಮಾಡುತ್ತದೆ. ಮೈಕೈ ನೋವಿನ ಗುಳಿಗೆ ಮೂತ್ರಪಿಂಡಕ್ಕೆ ನೇರವಾಗಿ ಕೆಡುಕು. ಹಿತ್ತಲಿನ ಚಕ್ಕೋತ ಹಣ್ಣು ಕೂಡ ಟ್ಯಾಕ್ರೊಲಿಮಸ್ಸನ್ನು ಏರಿಸಬಲ್ಲದು. ನಾಟಿ ಔಷಧ, ಕಷಾಯಗಳಲ್ಲಿ ಏನೇನಿದೆಯೋ ಹೇಳಲಾಗದು; ಕೇಳದೆ ತೆಗೆದುಕೊಳ್ಳಬೇಡಿ.

ಹತ್ತಿರ ಕಾಗದ, ಪೆನ್ಸಿಲು ಇದ್ದರೆ ಬರೆದುಕೊಳ್ಳಿ: “ನನಗೆ ಅಂಗ ಕಸಿಯಾಗಿದೆ. ನಾನು ಟ್ಯಾಕ್ರೊಲಿಮಸ್ ತೆಗೆದುಕೊಳ್ಳುತ್ತೇನೆ. ಯಾವುದೇ ಹೊಸ ಔಷಧ ಕೊಡುವ ಮೊದಲು ನನ್ನ ಕಸಿ ವೈದ್ಯರಿಗೆ ಫೋನು ಮಾಡಿ.” ಕೆಳಗೆ ಆ ಫೋನು ನಂಬರು. ಇದನ್ನು ಕನ್ನಡದಲ್ಲಿ ಒಂದು ಸಲ, ನಿಮ್ಮ ರಾಜ್ಯದ ಭಾಷೆಯಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಬರೆಸಿ. ಶಾಲೆಗೆ ಹೋಗುವ ಮಗ, ಮೊಮ್ಮಗಳು ಯಾರಾದರೂ ಬರೆದುಕೊಟ್ಟಾರು. ಚೀಟಿ ಸದಾ ಜೇಬಿನಲ್ಲೋ ಎಲೆ ಅಡಿಕೆ ಚೀಲದಲ್ಲೋ ಇರಲಿ. ಟ್ಯಾಕ್ರೊಲಿಮಸ್ ಪ್ರಮಾಣ ನೋಡುವ ರಕ್ತಪರೀಕ್ಷೆಯ ದಿನ ಬೆಳಗಿನ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆಯೇ ನುಂಗಬೇಕು. ಇಲ್ಲವಾದರೆ ಲೆಕ್ಕ ತಪ್ಪುತ್ತದೆ.

ಬಾರದಂತೆ ನೋಡಿಕೊಳ್ಳುವುದು ಹೇಗೆ? ಮೊದಲ ಆರು ತಿಂಗಳು, ವರ್ಷ ಕಣಕ್ಕೆ ಹೋಗಬೇಡಿ. ಜೋಳದ ರಾಶಿ, ಶೇಂಗಾ ಸುಲಿಯುವುದು, ಅಡಿಕೆ ಸುಲಿಯುವುದು, ಬಣವೆ ಕೀಳುವುದು, ಗೊಬ್ಬರ ಹೇರುವುದು, ಇವನ್ನು ಮನೆಯ ಬೇರೆಯವರು ಮಾಡಲಿ. ನಂತರವೂ ಧೂಳಿನ ಕೆಲಸ ತಪ್ಪಿಸಿದಷ್ಟೂ ಒಳ್ಳೆಯದು. ಅನಿವಾರ್ಯವಾದರೆ ಮೂಗುಬಾಯಿಗೆ ಚೆನ್ನಾಗಿ ಕೂಡುವ ಎನ್-95 ಮುಖಗವಸು ಹಾಕಿ, ಬರಿಯ ಟವೆಲು ಸಾಲದು. ಪಾರಿವಾಳದ ಗೂಡು, ಬಾವಲಿ ತುಂಬಿದ ಪಾಳು ಕಟ್ಟಡ ಬೇಡ. ಮನೆ ಕೆಡವುವಾಗ ಬೇರೆ ಮನೆಯಲ್ಲಿರಿ. ಚಪ್ಪಲಿ ಇಲ್ಲದೆ ಹೊಲಕ್ಕೆ ಇಳಿಯಬೇಡಿ. ಮುಗ್ಗಿದ ಕಾಳು, ಬೂಷ್ಟು ಹಿಡಿದ ರೊಟ್ಟಿಯನ್ನು ಕೆರೆದು ತಿನ್ನುವ ಅಭ್ಯಾಸ ಬಿಡಿ. ಎಲ್ಲಕ್ಕಿಂತ ಮೇಲಾಗಿ, ಸಕ್ಕರೆಯನ್ನು ಹತೋಟಿಯಲ್ಲಿಡಿ.

ಒಂದು ಎಚ್ಚರಿಕೆ. ಅಂಗ ಕೊಡಿಸುತ್ತೇನೆ ಎಂದು ದಲ್ಲಾಳಿಗಳು ಬಂದರೆ ನಂಬಬೇಡಿ. ದುಡ್ಡಿಗೆ ಅಂಗ ಕೊಳ್ಳುವುದು ಅಪರಾಧ. ಅಷ್ಟೇ ಅಲ್ಲ, ಹೀಗೆ ಕದ್ದುಮುಚ್ಚಿ ನಡೆದ ಕಸಿಗಳಲ್ಲಿ ಕಠಿಣ ಬೂಷ್ಟು ರೋಗ ಬಂದು ಅಂಗವೂ ಜೀವವೂ ಹೋದದ್ದನ್ನು ವೈದ್ಯರು ದಾಖಲು ಮಾಡಿದ್ದಾರೆ. ಸರಿಯಾದ ದಾರಿಗೆ ಕೇರಳದಲ್ಲಿ ಮೃತಸಂಜೀವನಿ, ಕರ್ನಾಟಕದಲ್ಲಿ ಜೀವಸಾರ್ಥಕತೆ, ಆಂಧ್ರ ಮತ್ತು ತೆಲಂಗಾಣದಲ್ಲಿ ಜೀವನ್‌ದಾನ್, ತಮಿಳುನಾಡಿನಲ್ಲಿ ಟ್ರಾನ್ಸ್‌ಟಾನ್ ಎಂಬ ಸರ್ಕಾರದ ವ್ಯವಸ್ಥೆಗಳಿವೆ. ಮಹಾರಾಷ್ಟ್ರದಲ್ಲೂ ಇಂಥ ವ್ಯವಸ್ಥೆ ಉಂಟು.

ಕಸಿಯಾದವರು ಮನೆಯಲ್ಲಿದ್ದರೆ ಬಿಡದ ಜ್ವರ, ಬಿಡದ ತಲೆನೋವು, ಬಿಡದ ಕೆಮ್ಮು, ಮುಖದ ಊತ, ಚರ್ಮದ ಗಂಟು, ಈ ಐದರಲ್ಲಿ ಒಂದು ಕಂಡರೂ ಮೊದಲು ಕಸಿ ಆಸ್ಪತ್ರೆಗೆ ಫೋನು ಮಾಡಿ. ಬಸ್ಸು ನಾಳೆ ಬೆಳಗ್ಗೆ ಇರಬಹುದು. ಫೋನು ಈಗಲೇ ಇದೆ. ಏನು ಕಾಣುತ್ತಿದೆ ಎಂದು ನಿಮಗೆ ಬರುವ ಭಾಷೆಯಲ್ಲೇ ಹೇಳಿ. ಬೂಷ್ಟು, ಪೂಪ್ಪಲ್, ಪೂಂಜೈ, ಬುರಶಿ, ಬೂಜು, ಯಾವ ಹೆಸರಿಂದ ಹೇಳಿದರೂ ಅವರಿಗೆ ತಿಳಿಯುತ್ತದೆ.